ಗಡಿಯಾಚೆಯ ಗುರು: ಡಾ. ದ್ವಾರಕಾನಾಥ ಕೋಟಣೀಸ

ಗುರುವಿನ ನಾಲಗೆಯಿಂದ ಹೊರಟ ವಿದ್ಯೆ ಶಿಷ್ಯನ ಬುದ್ಧಿಯನ್ನು ಮುಟ್ಟುವ ದಾರಿ ಮೇಲುನೋಟಕ್ಕೆ ಬಲು ಚಿಕ್ಕದು. ಒಂದೇ ಕೋಣೆಯಲ್ಲಿ ಇಬ್ಬರೂ ಇರುತ್ತಾರೆ. ನಡುವೆ ನಾಲ್ಕು ಹೆಜ್ಜೆಗಳ ಅಂತರವೂ ಇರುವುದಿಲ್ಲ. ಆದರೆ ಗುರುವಿನ ನುಡಿಯೊಂದು, ಶಿಷ್ಯನ ನುಡಿ ಮತ್ತೊಂದು ಆದಾಗ ಆ ನಾಲ್ಕು ಹೆಜ್ಜೆಗಳೇ ಯೋಜನಗಟ್ಟಲೆ ದೂರವಾಗುತ್ತವೆ. ಆ ದೂರವನ್ನು ಶಿಷ್ಯನೇ ನಡೆದು ಬರಬೇಕೋ, ಗುರುವೇ ಎದ್ದು ಹೋಗಿ ಶಿಷ್ಯನ ಕೈಹಿಡಿಯಬೇಕೋ ಎಂಬುದು ಶಿಕ್ಷಣದ ಮೂಲಪ್ರಶ್ನೆಗಳಲ್ಲಿ ಒಂದು. ಈ ಪ್ರಶ್ನೆಗೆ ಮಾತಿನಿಂದಲ್ಲದೆ ತನ್ನ ಬಾಳಿನಿಂದಲೇ ಉತ್ತರ ಕೊಟ್ಟ ಒಬ್ಬ ವೈದ್ಯ ಭೀಮಾನದಿಯ ಆಚೆಯ ದಡದ ನಾಡಿನಲ್ಲಿ ಹುಟ್ಟಿ, ಚೀನಾ ದೇಶದ ಗುಡ್ಡಗಾಡಿನ ಒಂದು ಹಳ್ಳಿಯಲ್ಲಿ ಮಣ್ಣಾದರು. ಅವರೇ ಡಾ. ದ್ವಾರಕಾನಾಥ ಶಾಂತಾರಾಮ ಕೋಟಣೀಸರು.

ಇಂಡಿ ಸಿಂದಗಿಗಳ ಜನರಿಗೆ ಸೊಲ್ಲಾಪುರವು ಪರಸ್ಥಳವೆನಿಸಿದ್ದಿಲ್ಲ. ಸೊನ್ನಲಿಗೆಯ ಸಿದ್ಧರಾಮೇಶ್ವರರ ಆ ಕ್ಷೇತ್ರಕ್ಕೆ ಸಂಕ್ರಾಂತಿಯ ಜಾತ್ರೆಗೆಂದು ಹೋಗುವವರು ಎಷ್ಟೋ ಮಂದಿ. ಇಂಡಿ ರೋಡ್ ನಿಲ್ದಾಣದಲ್ಲಿ ರೈಲು ಹತ್ತಿದವರು ಅಲ್ಲಿಯ ಗಿರಣಿಗಳಲ್ಲಿ ದುಡಿದರು, ಅಲ್ಲಿಯ ಪೇಟೆಯಲ್ಲಿ ವ್ಯಾಪಾರ ಮಾಡಿದರು, ಅಲ್ಲಿಯ ದವಾಖಾನೆಗಳಲ್ಲಿ ಗುಣ ಹೊಂದಿದರು. ಕನ್ನಡ, ಮರಾಠಿ, ತೆಲುಗು, ಉರ್ದು ಈ ನಾಲ್ಕೂ ನುಡಿಗಳು ಒಂದೇ ಓಣಿಯಲ್ಲಿ ಕೇಳಿಬರುವ ಊರದು. ಇಂತಹ ಊರಿನಲ್ಲಿ ಬೆಳೆದ ಮಗುವಿಗೆ ಎದುರಿನವನ ಮಾತು ತನ್ನ ಮಾತಲ್ಲ ಎಂಬುದು ದಿನದಿನದ ಅನುಭವ. 1910ನೆಯ ಅಕ್ಟೋಬರ್ 10ರಂದು ದ್ವಾರಕಾನಾಥರು ಜನಿಸಿದ್ದು ಈ ಊರಿನ ಒಂದು ಮಧ್ಯಮ ವರ್ಗದ ಮರಾಠಿ ಕುಟುಂಬದಲ್ಲಿ. ತಂದೆ ಶಾಂತಾರಾಮ ಕೋಟಣೀಸರು. ಒಡಹುಟ್ಟಿದವರು ಹಲವರು, ಮನೆ ತುಂಬಿದ ಸಂಸಾರ.

ದ್ವಾರಕಾನಾಥರು ತಾರುಣ್ಯಕ್ಕೆ ಕಾಲಿಟ್ಟ ವೇಳೆಗೆ ಅವರ ಜನ್ಮಸ್ಥಳವು ರಾಷ್ಟ್ರೀಯ ಹೋರಾಟದ ಅಗ್ನಿಕುಂಡವಾಗಿತ್ತು. 1930ರ ಮೇ ತಿಂಗಳಲ್ಲಿ ಸೊಲ್ಲಾಪುರದ ಜನತೆ ಪರಕೀಯ ಆಡಳಿತವನ್ನು ಧಿಕ್ಕರಿಸಿ ನಿಂತಿತು. ಸರಕಾರವು ಲಷ್ಕರಿ ಕಾನೂನನ್ನು ಹೇರಿತು. 1931ರ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಜಗನ್ನಾಥ ಶಿಂದೆ, ಶ್ರೀಕಿಸನ ಸಾರಡಾ, ಕುರ್ಬಾನ ಹುಸೇನ ಎಂಬ ನಾಲ್ವರು ಪುತ್ರರತ್ನರು ಯೆರವಡಾ ಕಾರಾಗೃಹದಲ್ಲಿ ಗಲ್ಲಿಗೇರಿದರು. ನಾಲ್ವರ ಹೆಸರುಗಳನ್ನು ಒಟ್ಟಿಗೆ ಉಚ್ಚರಿಸಿದರೆ ಸಾಕು, ಜಾತಿಮತಗಳ ಗೋಡೆಯನ್ನು ಆ ಊರು ಹೇಗೆ ಮೀರಿತ್ತೆಂಬುದು ತಿಳಿದೀತು. ಇಪ್ಪತ್ತರ ಪ್ರಾಯದ ದ್ವಾರಕಾನಾಥರ ಕಾಲ ಅದು.

ವೈದ್ಯವಿದ್ಯೆಯ ವ್ಯಾಸಂಗಕ್ಕೆ ಅವರು ಸೇರಿದ್ದು ಮುಂಬಯಿಯ ಪರೇಲಿನಲ್ಲಿರುವ ಸೇಠ ಗೋರ್ಧನದಾಸ ಸುಂದರದಾಸ ವೈದ್ಯಕೀಯ ಕಾಲೇಜನ್ನು. ಈ ಕಾಲೇಜಿನ ಹುಟ್ಟಿನ ಕಥೆ ವಿದ್ಯಾದಾನಿಗಳೆಲ್ಲರೂ ಅರಿಯತಕ್ಕದ್ದು. ಅಂದಿನ ದಿನಗಳಲ್ಲಿ ಸರಕಾರಿ ವೈದ್ಯಕೀಯ ಕಾಲೇಜುಗಳ ಉನ್ನತ ಅಧ್ಯಾಪಕ ಪದವಿಗಳು ಹೆಚ್ಚಾಗಿ ಆಂಗ್ಲ ಅಧಿಕಾರಿಗಳಿಗೇ ಮೀಸಲಾಗಿದ್ದವು. ಎಷ್ಟೇ ಪ್ರತಿಭೆಯಿದ್ದರೂ ಭಾರತೀಯ ವೈದ್ಯನು ಅಲ್ಲಿ ಮೇಲಿನ ಪೀಠವನ್ನೇರುವುದು ದುರ್ಲಭವಾಗಿತ್ತು. ಸೇಠ ಗೋರ್ಧನದಾಸರ ಆಸ್ತಿಯ ವಿಶ್ವಸ್ತರು ಹಣವನ್ನು ಕೊಡುವಾಗ, ಈ ಕಾಲೇಜಿನಲ್ಲಿ ಪಾಠ ಹೇಳುವವರು ಯೋಗ್ಯತೆಯುಳ್ಳ ಭಾರತೀಯರೇ ಆಗಿರತಕ್ಕದ್ದು ಎಂಬ ಕರಾರನ್ನು ಹಾಕಿದರು. ಕಟ್ಟಡಕ್ಕೆ ಹಣ ಕೊಡುವವರು ಹಲವರಿರುತ್ತಾರೆ. ಆ ಕಟ್ಟಡದೊಳಗೆ ನಿಂತು ಪಾಠ ಹೇಳುವವನು ಯಾರಾಗಿರಬೇಕೆಂದು ಯೋಚಿಸಿದ ದಾನಿಗಳು ವಿರಳ. 1926ರ ಹೊತ್ತಿಗೆ ಕೆ.ಇ.ಎಂ. ಆಸ್ಪತ್ರೆಯೊಡನೆ ಕಾರ್ಯಾರಂಭ ಮಾಡಿದ ಈ ಸಂಸ್ಥೆಯಲ್ಲಿ, ತನ್ನ ನಾಡಿನವರೇ ಗುರುಸ್ಥಾನದಲ್ಲಿ ನಿಂತು ಶಸ್ತ್ರಚಿಕಿತ್ಸೆಯನ್ನು ಬೋಧಿಸುವುದನ್ನು ಕಣ್ಣಾರೆ ಕಂಡ ವಿದ್ಯಾರ್ಥಿ ಕೋಟಣೀಸರು. ಪುಸ್ತಕದ ಭಾಷೆ ಇಂಗ್ಲಿಷಾಗಿತ್ತು. ರೋಗಿಯ ಭಾಷೆ ಮರಾಠಿ, ಗುಜರಾತಿ ಇಲ್ಲವೆ ಹಿಂದುಸ್ತಾನಿಯಾಗಿತ್ತು. ಈ ಎರಡರ ನಡುವೆ ಸೇತುವೆಯಾಗುವುದು ವೈದ್ಯನ ಕೆಲಸವೆಂಬುದನ್ನು ಹೇಳಿಕೊಡಲು ಮುಂಬಯಿಯ ಆಸ್ಪತ್ರೆಗಿಂತ ಒಳ್ಳೆಯ ಶಾಲೆ ಬೇಕಿರಲಿಲ್ಲ.

ಪದವಿ ಪಡೆದು ಉನ್ನತ ವ್ಯಾಸಂಗದ ಸಿದ್ಧತೆಯಲ್ಲಿದ್ದಾಗ ಅವರ ಬಾಳು ಹೊಸ ತಿರುವನ್ನು ಕಂಡಿತು. 1937ರಲ್ಲಿ ಜಪಾನಿನ ಸೇನೆ ಚೀನಾದ ಮೇಲೆ ದಂಡೆತ್ತಿ ಹೋಗಿತ್ತು. ಗಾಯಾಳುಗಳ ಸಂಖ್ಯೆ ಅಪಾರ, ವೈದ್ಯರ ಸಂಖ್ಯೆ ಅತ್ಯಲ್ಪ. ಚೀನಾದ ಸೇನಾಪತಿ ಚು ತೆ ಅವರು ಪಂಡಿತ ಜವಾಹರಲಾಲ ನೆಹರೂ ಅವರಿಗೆ ಪತ್ರ ಬರೆದು ನೆರವನ್ನು ಕೋರಿದರು. ಸ್ವತಃ ಪರಾಧೀನವಾಗಿದ್ದ ಭಾರತವು ಆ ಕೋರಿಕೆಗೆ ಓಗೊಟ್ಟಿತು. 1938ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಸುಭಾಷಚಂದ್ರ ಬೋಸರು ದೇಶದ ಜನತೆಗೆ ಕರೆಯಿತ್ತರು. ನಿಧಿ ಕೂಡಿತು, ಐವರು ವೈದ್ಯರ ತಂಡ ಸಿದ್ಧವಾಯಿತು. ಅಲಹಾಬಾದಿನ ಅಟಲ್, ನಾಗಪುರದ ಚೋಳ್ಕರ, ಕಲಕತ್ತೆಯ ಬಸು ಮತ್ತು ಮುಖರ್ಜಿ, ಸೊಲ್ಲಾಪುರದ ಕೋಟಣೀಸ. 1938ರ ಸೆಪ್ಟೆಂಬರ್ 1ರಂದು ಮುಂಬಯಿ ಬಂದರಿನಿಂದ ಅವರ ಹಡಗು ಹೊರಟಿತು. ಇಪ್ಪತ್ತೆಂಟು ತುಂಬಲಿದ್ದ ಕೋಟಣೀಸರು ಮತ್ತೆ ಈ ನೆಲವನ್ನು ಮೆಟ್ಟಲಿಲ್ಲ.

ಕ್ಯಾಂಟನ್ ನಗರದಲ್ಲಿ ಇಳಿದ ತಂಡ ಯುದ್ಧದ ಬೆಂಕಿಯ ನಡುವೆ ಹ್ಯಾಂಕೌ, ಚುಂಗ್‌ಕಿಂಗ್ ಮುಂತಾದೆಡೆ ಸೇವೆ ಸಲ್ಲಿಸುತ್ತ ಒಳನಾಡಿಗೆ ಸಾಗಿತು. ಚುಂಗ್‌ಕಿಂಗಿನಲ್ಲಿದ್ದಾಗ ತಂದೆ ತೀರಿಕೊಂಡ ವಾರ್ತೆ ಕೋಟಣೀಸರಿಗೆ ತಲುಪಿತು. ಊರಿಗೆ ಹಿಂದಿರುಗಲು ಅವರಿಗೆ ಅವಕಾಶವಿತ್ತು. ಹಿಂದಿರುಗಿದ್ದರೆ ತಪ್ಪೆನ್ನುವವರು ಯಾರೂ ಇರಲಿಲ್ಲ. ಆದರೆ ಕೈಗೊಂಡ ಕಾಯಕವನ್ನು ನಡುವೆ ಬಿಡುವುದು ಅವರ ಮನಸ್ಸಿಗೆ ಒಗ್ಗಲಿಲ್ಲ. ಶೋಕವನ್ನು ನುಂಗಿ ಮುಂದೆ ನಡೆದರು. 1939ರ ಫೆಬ್ರುವರಿಯಲ್ಲಿ ತಂಡವು ಯೆನಾನ್ ನಗರವನ್ನು ಮುಟ್ಟಿತು. ಅಲ್ಲಿ ಗುಡ್ಡಗಳನ್ನು ಕೊರೆದು ಮಾಡಿದ ಗುಹೆಗಳೇ ಮನೆಗಳು, ಗುಹೆಗಳೇ ಆಸ್ಪತ್ರೆಗಳು. ಕಾಲಕ್ರಮದಲ್ಲಿ ತಂಡದ ಮೂವರು ಭಾರತಕ್ಕೆ ಮರಳಿದರು; ಬಸು ಮತ್ತು ಕೋಟಣೀಸ ಉಳಿದರು.

ಯೆನಾನಿನಲ್ಲಿ ಕೋಟಣೀಸರಿಗೆ ಎದುರಾದ ಮೊದಲ ಕೊರತೆ ಔಷಧದ್ದಲ್ಲ, ಮಾತಿನದು. ಗಾಯಾಳು ಎಲ್ಲಿ ನೋವೆಂದು ಹೇಳಿದರೆ ವೈದ್ಯನಿಗೆ ತಿಳಿಯದು. ವೈದ್ಯ ಸಮಾಧಾನ ಹೇಳಿದರೆ ಗಾಯಾಳುವಿಗೆ ಅರ್ಥವಾಗದು. ನಡುವೆ ದುಭಾಷಿಯಿದ್ದರೂ ಅರ್ಧ ಅರ್ಥ ದಾರಿಯಲ್ಲೇ ಸೋರಿಹೋಗುವುದು. ಚೀನೀ ನುಡಿಯಾದರೋ ಕಲಿಯಲು ಕಠಿಣ. ಒಂದೇ ಶಬ್ದವನ್ನು ಏರುದನಿಯಲ್ಲಿ ನುಡಿದರೊಂದು ಅರ್ಥ, ಇಳಿದನಿಯಲ್ಲಿ ನುಡಿದರೆ ಮತ್ತೊಂದು ಅರ್ಥ. ಅಕ್ಷರಮಾಲೆಯಿಲ್ಲದ ಆ ಬರಹದಲ್ಲಿ ಸಾವಿರಾರು ಸಂಕೇತಗಳನ್ನು ಒಂದೊಂದಾಗಿ ನೆನಪಿನಲ್ಲಿಡಬೇಕು. ಪದವೀಧರ ವೈದ್ಯರೊಬ್ಬರು ಮತ್ತೆ ಬಿನ್ನತ್ತೆಯ ಬಾಲಕನಂತೆ ತಿದ್ದಲು ಕುಳಿತರು. ಹಗಲು ಶಸ್ತ್ರಚಿಕಿತ್ಸೆ, ಉಳಿದ ವೇಳೆಯಲ್ಲಿ ಅಕ್ಷರಾಭ್ಯಾಸ. ಚೀನೀ ಮಿತ್ರರು ಭಾರತೀಯ ವೈದ್ಯರ ಹೆಸರಿಗೆ ತಮ್ಮ ದೇಶವನ್ನು ಸೂಚಿಸುವ ಶಬ್ದವೊಂದನ್ನು ಸೇರಿಸಿ ಕರೆದರು. ಕೋಟಣೀಸರು ಕೆ ದಿಹುವಾ ಆದರು.

ಇದೇ ವೇಳೆಗೆ ಚೀನಾದ ಉತ್ತರದ ಯುದ್ಧಭೂಮಿಯಲ್ಲಿ ಕೆನಡಾ ದೇಶದ ಶಸ್ತ್ರವೈದ್ಯ ನಾರ್ಮನ್ ಬೆಥ್ಯೂನರ ಹೆಸರು ಮನೆಮಾತಾಗಿತ್ತು. ಒಬ್ಬ ವೈದ್ಯನು ತನ್ನ ಕೈಯಿಂದ ಎಷ್ಟು ಜನರನ್ನು ಬದುಕಿಸಬಲ್ಲ, ಹತ್ತು ಜನರಿಗೆ ಕಲಿಸಿದರೆ ಎಷ್ಟು ಪ್ರಾಣ ಉಳಿದೀತು ಎಂಬ ಲೆಕ್ಕವನ್ನು ಚೆನ್ನಾಗಿ ಅರಿತ ಬೆಥ್ಯೂನರು ಅಲ್ಲಿ ಶಿಕ್ಷಣಕ್ಕೆ ಬುನಾದಿ ಹಾಕಿದ್ದರು. ಶಸ್ತ್ರಚಿಕಿತ್ಸೆ ನಡೆಸುವಾಗ ಬೆರಳಿಗಾದ ಗಾಯ ನಂಜೇರಿ ಅವರು 1939ರ ನವೆಂಬರ್ 12ರಂದು ನಿಧನರಾದರು. ಕೋಟಣೀಸರು ಅವರನ್ನು ಕಾಣುವ ಯೋಗ ಒದಗಲಿಲ್ಲ. ಅವರು ಬಿಟ್ಟುಹೋದ ಕೆಲಸವನ್ನು ಹೊರುವ ಭಾರ ಮಾತ್ರ ಒದಗಿತು. 1940ರಲ್ಲಿ ಬಸು ಅವರೊಡನೆ ಆ ಯುದ್ಧವಲಯಕ್ಕೆ ಬಂದ ಕೋಟಣೀಸರು, ಆ ವರ್ಷದ ಕದನಗಳಲ್ಲಿ ಹಗಲಿರುಳೆನ್ನದೆ ನಿದ್ರೆಗೆಟ್ಟು ಗಾಯಾಳುಗಳಿಗೆ ಶಸ್ತ್ರಚಿಕಿತ್ಸೆ ನಡೆಸಿದರು. 1941ರ ಜನವರಿಯಲ್ಲಿ ಬೆಥ್ಯೂನ್ ಅಂತಾರಾಷ್ಟ್ರೀಯ ಶಾಂತಿ ಆಸ್ಪತ್ರೆಯ ಮೊದಲ ನಿರ್ದೇಶಕರಾಗಿ ನಿಯುಕ್ತರಾದರು. ಅದರೊಡನೆ ಬೆಥ್ಯೂನರ ಹೆಸರಿನ ವೈದ್ಯಕೀಯ ಶಾಲೆಯಲ್ಲಿ ಶಸ್ತ್ರಚಿಕಿತ್ಸೆಯ ಅಧ್ಯಾಪಕರೂ ಆದರು.

ಅವರ ಜೀವನದ ಈ ಭಾಗವೇ ಶಿಕ್ಷಕರಾದವರು ನಿಂತು ನೋಡತಕ್ಕದ್ದು. ಆ ಶಾಲೆಗೆ ಮುಂಬಯಿಯ ಕಾಲೇಜಿನಂತಹ ಭವ್ಯ ಕಟ್ಟಡವಿರಲಿಲ್ಲ. ಹಳ್ಳಿಯ ಮನೆಗಳು, ಅಂಗಳಗಳೇ ತರಗತಿಗಳು. ಶತ್ರುಸೇನೆ ಮುತ್ತಿಗೆ ಹಾಕಿದಾಗ ಆಸ್ಪತ್ರೆ, ಶಾಲೆ, ಗಾಯಾಳುಗಳು ಎಲ್ಲವೂ ಗುಡ್ಡದಿಂದ ಗುಡ್ಡಕ್ಕೆ ಸ್ಥಳಾಂತರವಾಗಬೇಕು. ಉಪಕರಣಗಳು ವಿರಳ, ಔಷಧಗಳು ದುರ್ಲಭ, ಪುಸ್ತಕಗಳಂತೂ ಕೈಗೆಟುಕದ ವಸ್ತು. ಕಲಿಯಲು ಬಂದವರಲ್ಲಿ ಹೆಚ್ಚಿನ ಶಾಲಾಶಿಕ್ಷಣ ಇಲ್ಲದ ರೈತಮಕ್ಕಳು ಬಹುಮಂದಿ. ಇಂತಹ ವಿದ್ಯಾರ್ಥಿಗಳ ಮುಂದೆ ಪರದೇಶದ ವೈದ್ಯನೊಬ್ಬ ಇಂಗ್ಲಿಷಿನಲ್ಲಿ ಉಪನ್ಯಾಸ ಕೊಟ್ಟು, ದುಭಾಷಿಯಿಂದ ಅದನ್ನು ಹೇಳಿಸಿ ಕೈತೊಳೆದುಕೊಳ್ಳಬಹುದಾಗಿತ್ತು. ತಿಳಿಯದೆ ಹೋದರೆ ವಿದ್ಯಾರ್ಥಿಗಳು ದಡ್ಡರೆಂದು ಹೇಳಿ ಸುಮ್ಮನಾಗಬಹುದಾಗಿತ್ತು. ಜಗತ್ತಿನ ಎಷ್ಟೋ ವಿದ್ಯಾಲಯಗಳಲ್ಲಿ ನಡೆಯುವುದು ಅದೇ. ಕೋಟಣೀಸರು ಚೀನೀ ಭಾಷೆಯಲ್ಲಿಯೇ ಪಾಠ ಹೇಳಿದರು, ಚೀನೀ ಭಾಷೆಯಲ್ಲಿಯೇ ಬರೆದರು.

ಇದರ ಫಲವೇನೆಂಬುದನ್ನು ಅರಿಯಲು ಆ ಶಾಲೆಯ ಪರೀಕ್ಷೆ ಎಂಥದೆಂಬುದನ್ನು ನೆನೆಯಬೇಕು. ರಕ್ತ ಸುರಿಯುತ್ತಿರುವ ಗಾಯಾಳುವಿನ ಮುಂದೆ ನಿಂತ ವಿದ್ಯಾರ್ಥಿಗೆ ಮೊದಲು ಮಾಡಬೇಕಾದುದು ಯಾವುದು, ಆಮೇಲಿನದು ಯಾವುದು ಎಂಬುದರಲ್ಲಿ ಸಂಶಯವಿರಕೂಡದು. ರಕ್ತಸ್ರಾವವನ್ನು ತಡೆಯುವುದು, ಗಾಯದೊಳಗಿನ ಸತ್ತ ಮಾಂಸವನ್ನು ತೆಗೆದು ಶುದ್ಧಗೊಳಿಸುವುದು, ಮುರಿದ ಎಲುಬನ್ನು ಅಲುಗದಂತೆ ಕಟ್ಟುವುದು, ಸಲಕರಣೆಗಳನ್ನು ಕುದಿಸಿ ನಂಜು ನಿವಾರಿಸುವುದು, ಇವೆಲ್ಲ ಬಾಯಿಪಾಠದಿಂದ ಬರುವ ವಿದ್ಯೆಗಳಲ್ಲ. ತರಗತಿಯಲ್ಲಿ ಅರ್ಧ ತಿಳಿದುಕೊಂಡವನು ಕಾಗದದ ಪರೀಕ್ಷೆಯಲ್ಲಿ ಅರ್ಧ ಅಂಕ ಪಡೆದು ಪಾರಾಗಬಹುದು. ಗಾಯಾಳುವಿನ ಮುಂದೆ ಅರ್ಧ ತಿಳಿವಿಗೆ ಬೆಲೆಯಿಲ್ಲ. ಶಿಷ್ಯನ ಅನುತ್ತೀರ್ಣತೆಗೆ ಅಲ್ಲಿ ತೆರಬೇಕಾದ ದಂಡ ಮತ್ತೊಬ್ಬನ ಪ್ರಾಣ. ಆದಕಾರಣ ಪಾಠವು ತಿಳಿಯಿತೋ ಇಲ್ಲವೋ ಎಂಬ ಹೊಣೆ ಶಿಷ್ಯನದಷ್ಟೇ ಅಲ್ಲ, ಗುರುವಿನದೂ ಹೌದೆಂಬ ತತ್ತ್ವವನ್ನು ಆ ಯುದ್ಧಭೂಮಿ ನಿಷ್ಠುರವಾಗಿ ಕಲಿಸಿತು. ಪರಭಾಷೆಯನ್ನು ಕಲಿಯುವ ಕಷ್ಟವನ್ನು ಸ್ವತಃ ಉಂಡವರಾದ ಕೋಟಣೀಸರಿಗೆ, ಶಿಷ್ಯನೊಬ್ಬ ಉತ್ತರ ಹೇಳದೆ ಮೌನವಾಗಿ ನಿಂತರೆ ಆ ಮೌನವೆಲ್ಲ ಮಂದಬುದ್ಧಿಯಲ್ಲವೆಂಬುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಪುಸ್ತಕದ ಕೊರತೆಯನ್ನು ನೀಗಲು ಅವರೇ ಲೇಖನಿ ಹಿಡಿದರು. ಶಸ್ತ್ರಚಿಕಿತ್ಸೆಯ ಸಾಮಾನ್ಯ ತತ್ತ್ವಗಳನ್ನು ಕುರಿತ ಪಠ್ಯಗ್ರಂಥವೊಂದನ್ನು ಸಿದ್ಧಪಡಿಸಿದರು. ಅದರ ಮುಂದಿನ ಭಾಗವಾಗಿ ವಿವರವಾದ ಇನ್ನೊಂದು ಗ್ರಂಥವನ್ನು ಕೈಗೆತ್ತಿಕೊಂಡರು. ಅದೇ ಶಾಲೆಯಲ್ಲಿ ಶುಶ್ರೂಷೆಯನ್ನು ಬೋಧಿಸುತ್ತಿದ್ದ ಕುವೋ ಚಿಂಗ್‌ಲಾನ್ ಅವರನ್ನು 1941ರಲ್ಲಿ ವಿವಾಹವಾದರು. 1942ರ ಆಗಸ್ಟಿನಲ್ಲಿ ಗಂಡುಮಗು ಹುಟ್ಟಿತು. ಭಾರತ, ಚೀನಾ ಎರಡೂ ದೇಶಗಳನ್ನು ಸೂಚಿಸುವಂತೆ ಮಗುವಿಗೆ ಯಿನ್‌ಹುವಾ ಎಂದು ಹೆಸರಿಟ್ಟರು. ಅದೇ ವರ್ಷ ಅವರು ಚೀನಾದ ಕಮ್ಯುನಿಸ್ಟ್ ಪಕ್ಷದ ಸದಸ್ಯರೂ ಆದರು.

ಇಷ್ಟರಲ್ಲಿ ಅತಿಶ್ರಮದಿಂದ ಬಳಲಿದ ದೇಹವನ್ನು ಅಪಸ್ಮಾರ ರೋಗವು ಆವರಿಸಿತ್ತು. ಬೇರೆಡೆಗೆ ಹೋಗಿ ಚಿಕಿತ್ಸೆ ಪಡೆಯಬೇಕೆಂಬ ಆಪ್ತರ ಒತ್ತಾಯಕ್ಕೆ ಅವರು ಮಣಿಯಲಿಲ್ಲ. ಗಾಯಾಳುಗಳು, ಶಿಷ್ಯರು, ಅರ್ಧ ಬರೆದ ಪುಸ್ತಕ ಇವು ಮೂರೂ ಅವರನ್ನು ಅಲ್ಲಿಯೇ ಹಿಡಿದಿಟ್ಟವು. 1942ರ ಡಿಸೆಂಬರ್ 9ರಂದು ಅಪಸ್ಮಾರದ ತೀವ್ರ ಆಘಾತಕ್ಕೆ ತುತ್ತಾಗಿ ಅವರು ಕೊನೆಯುಸಿರೆಳೆದರು. ಆಗ ಅವರ ವಯಸ್ಸು ಮೂವತ್ತೆರಡು. ಮಗುವಿಗೆ ಇನ್ನೂ ನಾಲ್ಕು ತಿಂಗಳು ತುಂಬಿರಲಿಲ್ಲ. ಎರಡನೆಯ ಗ್ರಂಥ ಅಪೂರ್ಣವಾಗಿಯೇ ಉಳಿಯಿತು.

ಚೀನಾದ ಜನತೆ ಅವರನ್ನು ಮರೆಯಲಿಲ್ಲ. ಹೆಬೇ ಪ್ರಾಂತದ ಶಿಜಿಯಾಜುವಾಂಗ್ ನಗರದ ಹುತಾತ್ಮರ ಸ್ಮಾರಕೋದ್ಯಾನದಲ್ಲಿ ಬೆಥ್ಯೂನರ ಸಮಾಧಿಯಿರುವಂತೆಯೇ ಕೋಟಣೀಸರ ಸಮಾಧಿಯೂ ಇದೆ. ಅದೇ ನಗರದ ವೈದ್ಯಕೀಯ ಶಾಲೆಯೊಂದಕ್ಕೆ ಅವರ ಚೀನೀ ಹೆಸರನ್ನು ಇಡಲಾಯಿತು. 1982ರಲ್ಲಿ ಚೀನಾ, 1993ರಲ್ಲಿ ಭಾರತ ಅವರ ಸ್ಮರಣೆಗೆ ಅಂಚೆಚೀಟಿಗಳನ್ನು ಹೊರತಂದವು. ಭಾರತದ ಜನಸಾಮಾನ್ಯರಿಗೆ ಅವರನ್ನು ಪರಿಚಯಿಸಿದ್ದು 1946ರಲ್ಲಿ ವಿ. ಶಾಂತಾರಾಮರು ನಿರ್ಮಿಸಿ ನಟಿಸಿದ ಚಲನಚಿತ್ರ. ಸೊಲ್ಲಾಪುರದಲ್ಲಿ ಅವರ ಮನೆ ಈಗ ಸ್ಮಾರಕವಾಗಿದೆ. ಪುತ್ರ ಯಿನ್‌ಹುವಾ ತಂದೆಯ ಹಾದಿಯನ್ನೇ ಹಿಡಿದು ವೈದ್ಯವಿದ್ಯೆಯನ್ನು ಕಲಿಯುತ್ತಿದ್ದಾಗಲೇ 1967ರಲ್ಲಿ ಅಕಾಲಮೃತ್ಯುವಿಗೆ ಈಡಾದದ್ದು ಮಾತ್ರ ಆ ತಾಯಿಯ ಬಾಳಿನ ಎರಡನೆಯ ಸಿಡಿಲು. ಆಕೆ ಭಾರತದ ಬಂಧುಗಳೊಡನೆ ನಂಟನ್ನು ಉಳಿಸಿಕೊಂಡು 2012ರವರೆಗೆ ಬಾಳಿದರು. ಬೆಥ್ಯೂನರ ಹೆಸರಿನ ಆ ಹಳ್ಳಿಶಾಲೆಯು ಮುಂದೆ ಬೆಳೆದು ಚಾಂಗ್‌ಚುನ್ ನಗರದಲ್ಲಿ ವೈದ್ಯಕೀಯ ವಿಶ್ವವಿದ್ಯಾಲಯವಾಯಿತು; 2000ದಲ್ಲಿ ಜಿಲಿನ್ ವಿಶ್ವವಿದ್ಯಾಲಯದಲ್ಲಿ ಒಂದುಗೂಡಿತು.

ಕಾಲಚಕ್ರವು ಉರುಳಿ ಈಗ ಪಾತ್ರಗಳು ಅದಲುಬದಲಾಗಿವೆ. ಅಂದು ಭಾರತದ ವೈದ್ಯ ಕಲಿಸಲೆಂದು ಚೀನಾಕ್ಕೆ ಹೋದರು. ಈ ಶತಮಾನದಲ್ಲಿ ಭಾರತದ ಸಹಸ್ರಾರು ಮಕ್ಕಳು ವೈದ್ಯವಿದ್ಯೆ ಕಲಿಯಲೆಂದು ಚೀನಾ, ರಷ್ಯಾ, ಯುಕ್ರೇನ್ ಮುಂತಾದ ದೇಶಗಳಿಗೆ ಹೋದರು. ಅವರಲ್ಲಿ ಕನ್ನಡನಾಡಿನ ಮಕ್ಕಳೂ ಇದ್ದಾರೆ. ಅಲ್ಲಿ ಪಾಠ ಇಂಗ್ಲಿಷಿನಲ್ಲಿ ನಡೆದರೂ ವಾರ್ಡಿನಲ್ಲಿ ಮಲಗಿದ ರೋಗಿ ಮಾತನಾಡುವುದು ತನ್ನ ನಾಡಿನ ಭಾಷೆಯನ್ನೇ. ಅದನ್ನು ಕಲಿಸುವ, ರೋಗಿಯ ಹಾಸಿಗೆಯ ಬಳಿ ನಿಲ್ಲಿಸಿ ತೋರಿಸುವ ಗುರು ದೊರೆತವನು ವೈದ್ಯನಾಗುತ್ತಾನೆ; ದೊರೆಯದವನು ಪದವಿಪತ್ರವನ್ನಷ್ಟೇ ತರುತ್ತಾನೆ. 2002ರಿಂದ ಅಂತಹ ಪದವೀಧರರು ಇಲ್ಲಿ ವೃತ್ತಿ ನಡೆಸಲು ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕೆಂಬ ನಿಯಮವಿದೆ. ಸಾಮಾನ್ಯವಾಗಿ ಅದರಲ್ಲಿ ಉತ್ತೀರ್ಣರಾಗುವವರಿಗಿಂತ ಅನುತ್ತೀರ್ಣರೇ ಹೆಚ್ಚು. 2020ರ ಮಹಾಮಾರಿಯ ಕಾಲದಲ್ಲಿ ಚೀನಾದಿಂದ ಊರಿಗೆ ಬಂದ ವಿದ್ಯಾರ್ಥಿಗಳು ಎರಡು ವರ್ಷಗಳಿಗೂ ಮೀರಿ ಮರಳಿಹೋಗಲಾರದೆ, ಮನೆಯಲ್ಲಿಯೇ ಯಂತ್ರದ ಪರದೆಯ ಮುಂದೆ ಕುಳಿತು ವೈದ್ಯವಿದ್ಯೆ ಕಲಿಯಬೇಕಾಯಿತು. ರೋಗಿಯ ನಾಡಿ ಹಿಡಿಯದೆ ಕಲಿತ ವಿದ್ಯೆ ಸಾಲದೆಂದು, ಅವರು ಹೆಚ್ಚಿನ ಪ್ರಾಯೋಗಿಕ ತರಬೇತಿ ಪಡೆಯಬೇಕೆಂದು ಇಲ್ಲಿಯ ವೈದ್ಯಕೀಯ ಆಯೋಗ ವಿಧಿಸಿತು. ಹೊಲ ಮಾರಿ, ಸಾಲ ತಂದು ಮಕ್ಕಳನ್ನು ಕಳಿಸಿದ ತಾಯಿತಂದೆಗಳ ಸಂಕಟಕ್ಕೆ ಪಾರವಿರಲಿಲ್ಲ. ಆ ಮಕ್ಕಳ ಸೋಲನ್ನು ಬರಿಯ ಅವರ ಬುದ್ಧಿಯ ಸೋಲೆಂದು ಎಣಿಸುವುದು ನ್ಯಾಯವಲ್ಲ.

ಈ ಮಾತನ್ನು ದೂರದ ದೇಶಗಳಿಗೆ ಮಾತ್ರ ಅನ್ವಯಿಸಬೇಕಾಗಿಲ್ಲ. ಮುದ್ದೇಬಿಹಾಳದ, ಸಿಂದಗಿಯ ಹಳ್ಳಿಯ ಶಾಲೆಯಲ್ಲಿ ಕನ್ನಡದಲ್ಲಿ ಕಲಿತ ಹುಡುಗ ಅಥವಾ ಹುಡುಗಿ ವೈದ್ಯಕೀಯ ಕಾಲೇಜಿನ ಮೊದಲ ತರಗತಿಯಲ್ಲಿ ಕುಳಿತ ದಿನ, ತನ್ನ ನಾಡಿನಲ್ಲಿಯೇ ಪರದೇಶಿಯಾಗಿರುತ್ತಾರೆ. ಶಾಲೆಯಲ್ಲಿ ಮೊದಲಿಗರಾಗಿದ್ದವರು ಅಲ್ಲಿ ಬಾಯಿ ತೆರೆಯಲು ಅಂಜುತ್ತಾರೆ. ಡಾ. ಫ. ಗು. ಹಳಕಟ್ಟಿಯವರು ಮುಂದಾಳಾಗಿ 1910ರಲ್ಲಿ, ಕೋಟಣೀಸರು ಹುಟ್ಟಿದ ವರ್ಷವೇ, ವಿಜಾಪುರದಲ್ಲಿ ಸ್ಥಾಪಿಸಿದ ಬಿ.ಎಲ್.ಡಿ.ಇ. ಸಂಸ್ಥೆಯು 1986ರಲ್ಲಿ ವೈದ್ಯಕೀಯ ಕಾಲೇಜನ್ನು ತೆರೆಯಿತು. ವೈದ್ಯವಿದ್ಯೆಗಾಗಿ ಹುಬ್ಬಳ್ಳಿ, ಬೆಳಗಾವಿ, ಸೊಲ್ಲಾಪುರಗಳಿಗೆ ಹೋಗಬೇಕಾಗಿದ್ದ ಈ ಜಿಲ್ಲೆಯ ಮಕ್ಕಳಿಗೆ ಕಟ್ಟಡದ ದೂರ ಅದರಿಂದ ಕಡಿಮೆಯಾಯಿತು. ಭಾಷೆಯ ದೂರವನ್ನು ಕಡಿಮೆ ಮಾಡುವುದು ಯಾವ ಕಟ್ಟಡದಿಂದಲೂ ಆಗದು. ಅದು ಗುರುವಿನಿಂದಲೇ ಆಗಬೇಕು. ಅದರ ಆರಂಭ ಪ್ರೌಢಶಾಲೆಯಲ್ಲಿ. ಅಲ್ಲಿ ವಿಷಯವನ್ನು ಕನ್ನಡದಲ್ಲಿ ನಿಚ್ಚಳವಾಗಿ ತಿಳಿಸಿ, ಅದರ ಇಂಗ್ಲಿಷ್ ಪಾರಿಭಾಷಿಕ ಶಬ್ದವನ್ನು ಜೊತೆಗೇ ಕಲಿಸಿ, ಪ್ರಶ್ನೆ ಕೇಳುವ ಧೈರ್ಯವನ್ನು ಕೊಟ್ಟು ಕಳಿಸಿದ ಶಿಕ್ಷಕನು ತಾನು ಕಾಣದ ಎಷ್ಟೋ ರೋಗಿಗಳ ಪ್ರಾಣಕ್ಕೆ ಕಾವಲಾಗುತ್ತಾನೆ.

ಬಸವನ ಬಾಗೇವಾಡಿಯಲ್ಲಿ ಜನಿಸಿದ ಮಹಾತ್ಮರೂ ಅವರ ಸಂಗಡದ ಶರಣರೂ ಪರತತ್ತ್ವವನ್ನು ಜನ ಆಡುವ ಮಾತಿಗೆ ಇಳಿಸಿದರು. ಜನ ಸಂಸ್ಕೃತವನ್ನು ಕಲಿತು ಬರಲಿ ಎಂದು ಕಾಯಲಿಲ್ಲ. ವೈದ್ಯವಿದ್ಯೆಯ ಕ್ಷೇತ್ರದಲ್ಲಿ ಸೊಲ್ಲಾಪುರದ ಕೋಟಣೀಸರು ಮಾಡಿದ್ದೂ ಅದೇ ಜಾತಿಯ ಕೆಲಸ. ಅವರು ಚೀನಾದಲ್ಲಿದ್ದದ್ದು ನಾಲ್ಕು ವರ್ಷ ಮೂರು ತಿಂಗಳು. ಅಧ್ಯಾಪಕರಾಗಿದ್ದದ್ದು ಅದರಲ್ಲಿಯೂ ಒಂದು ಭಾಗ ಮಾತ್ರ. ಅವರು ಶಸ್ತ್ರಚಿಕಿತ್ಸೆ ಮಾಡಿ ಉಳಿಸಿದ ಯೋಧರು ಕಾಲಧರ್ಮಕ್ಕೆ ಸಂದಿರುವರು. ಅವರು ಕಲಿಸಿದ ಶಿಷ್ಯರು ಮತ್ತೆ ಶಿಷ್ಯರಿಗೆ ಕಲಿಸಿದರು. ಬರೆಯದೆ ಉಳಿದ ಆ ಗ್ರಂಥದ ಮಿಕ್ಕ ಪುಟಗಳು ಹಾಗೆ ತುಂಬಿದವು.